ಕಿಟ್ಟಕ್ಕೊಂದು ಮಳೆಗಾಲ

ಒಡಹುಟ್ಟದಿದ್ದರೂ ಅಣ್ಣನೇ ಆಗಿದ್ದ ಕಿಟ್ಟಣ್ಣನಿಗೆ,

ಮೈಸೂರು ತಂಗಿಯ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನುವ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ನೀವಿರುವ ಕಡೆ ಕ್ಷೇಮವಲ್ಲದೆ ಇನ್ನೇನು ಇದ್ದೀತು? ಅಲ್ಲಿ ಸಕ್ಕರೆ ಕಾಯಿಲೆ ಇರಲಾರದು, ಅತ್ತಿಗೆ ವನಜಕ್ಕನ ಕಣ್ಣು ತಪ್ಪಿಸಿ ನೀವು ತಿನ್ನುತ್ತಿದ್ದ ಒಮಾನಿ ಹಲ್ವಕ್ಕೆ ತಡೆಯೂ ಇರಲಾರದು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಸೊಹಾರಿನಲ್ಲಿ ಮಳೆ ಬಂತು, ಕಿಟ್ಟಣ್ಣ. ಹೇಳಬೇಕಾದದ್ದು ಅದೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನೀವು "ಅದಕ್ಕೆಂತ ಈಗ?" ಎನ್ನುತ್ತೀರಿ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ನಿಮಗೆ ಗೊತ್ತಿರುವುದನ್ನೂ ಸೇರಿಸಿ. ಕೇಳಿದ ಕಥೆಯನ್ನೇ ಮತ್ತೆ ಕೇಳಲು ನಿಮಗೆ ಎಂದಾದರೂ ಬೇಸರವಾಗಿತ್ತೇ?

ನಿಮ್ಮನ್ನು ಮೊದಲು ಕಂಡ ದಿನ ಭೂಮಿ ಬಾಯಿಬಿಡಬಾರದೇ ಅನಿಸಿತ್ತು. ಮಸ್ಕತ್ತಿನ ಬೌಷರಿನಲ್ಲಿದ್ದ ನಮ್ಮ ಲ್ಯಾಬಿಗೆ ಸ್ಯಾಂಪಲ್ ಒಯ್ಯಲು ಸೊಹಾರಿನ ಉಕ್ಕಿನ ಕಾರ್ಖಾನೆಗೆ ಬಂದಿದ್ದೆ. ಯಾರ್ಡಿನ ಸೂಪರ್‌ವೈಸರ್ ಕರ್ನಾಟಕದವರು, ಕನ್ನಡ ಬರುತ್ತದೆ ಎಂದು ಗೇಟಿನಲ್ಲಿ ಹೇಳಿದ್ದರು. ಒಮಾನ್‌ಗೆ ಬಂದು ಹೊಸದು ನಾನು. ಕನ್ನಡ ಆಡುವ ಬಾಯಿ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ, ಶಾಲೆಯಲ್ಲಿ ಕಲಿತ ಪದವನ್ನೇ ಹುಡುಕಿ ತೆಗೆದು, "ನಮಸ್ಕಾರ ಸಾರ್, ಕಿಟ್ಟ ನೋಡೋಕೆ ಬಂದಿದೀನಿ" ಎಂದೆ. ನೀವು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡಿರಿ. "ನೋಡಿ ಆಯ್ತಲ್ಲ ಮಾರಾಯ್ರೆ, ನಾನೇ ಕಿಟ್ಟ. ಎಂತ ಆಗ್ಬೇಕಿತ್ತು?" ಬ್ಯಾಡ್ಜಿನ ಮೇಲೆ ಕೃಷ್ಣ ಎಂದಿತ್ತು. ಉಕ್ಕು ಕರಗಿಸುವಾಗ ಮೇಲೆ ತೇಲಿ ಬರುವ ಕಸರಿಗೆ, ಸುರಿದು ಆರಿಸಿದರೆ ಕಲ್ಲಿನ ಗುಡ್ಡೆಯಾಗಿ ಕೂರುವ ಆ ತ್ಯಾಜ್ಯಕ್ಕೆ, ಕನ್ನಡದಲ್ಲಿ ಕಿಟ್ಟ ಎನ್ನುತ್ತಾರೆಂದು ನಾನು ತೊದಲುತ್ತ ವಿವರಿಸಿದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಸ್ಲ್ಯಾಗಿಗೆ ನನ್ನ ಹೆಸರುಂಟಾ? ಸ್ವಂತ ಸಂಬಂಧಿಕ ಅಂತ ಗೊತ್ತಿಲ್ಲದೆ ಇಷ್ಟು ವರ್ಷ ಬೈದದ್ದೇ ಬೈದದ್ದು!" ಆ ದಿನದಿಂದ ನಿಮ್ಮ ಯಾರ್ಡಿನಲ್ಲಿ ಸ್ಲ್ಯಾಗ್ ಹೋಗಿ ಕಿಟ್ಟ ಬಂತು. ನಿಮ್ಮ ಕೈಕೆಳಗಿದ್ದ ಸದಾನಂದನಿಂದ ಹಿಡಿದು ಬಾಂಗ್ಲಾದ ಲೋಡರ್ ಚಾಲಕರವರೆಗೆ ಎಲ್ಲರ ಬಾಯಲ್ಲೂ ಅದೇ.

ಗುಡ್ಡೆಯ ನೆರಳಿನಲ್ಲಿ ನಿಂತು ಕರಕ್ ಚಾಯ ಕುಡಿಯುತ್ತಿದ್ದ ಸಂಜೆಗಳು ಕಣ್ಣಿಗೆ ಕಟ್ಟಿದಂತಿವೆ. ಲಾರಿಗಳು ಒಂದಿಷ್ಟನ್ನು ರಸ್ತೆಯ ಅಡಿಗೆ ತುಂಬಿಸಲು ಒಯ್ಯುತ್ತಿದ್ದವು, ಉಳಿದದ್ದು ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಕಾರ್ಖಾನೆಯವರಿಗೆ ಅದು ತಲೆನೋವು. ನಿಮಗೆ ಮಾತ್ರ ಅದನ್ನು ಎಸೆಯುವುದೆಂದರೆ ಜೀವ ಹೋದ ಹಾಗೆ. "ಇಷ್ಟು ಬೆಂಕಿ ಕುಡಿದ ಕಲ್ಲು, ಇದನ್ನು ಮಣ್ಣಿಗೆ ಹಾಕುದಾ? ಇದರಲ್ಲಿ ಎಂತಾದ್ರೂ ಮಾಡ್ಲಿಕ್ಕುಂಟು ಮಾರಾಯ್ತಿ." ಎಂತ ಎಂದು ಕೇಳಿದರೆ ನಿಮ್ಮದು ಒಂದೇ ಉತ್ತರ: "ಒಂದು ಮಳೆಗಾಲ ಕಳೀಲಿ, ಮತ್ತೆ ಹೇಳುವ." ಎಲ್ಲದಕ್ಕೂ ಅದೇ ಅಳತೆ ನಿಮಗೆ. ಹೊಸ ಮ್ಯಾನೇಜರ್ ಹೇಗೆ? ಒಂದು ಮಳೆಗಾಲ ಕಳೀಲಿ. ಹೊಸ ಕಾರು ಹೇಗೆ? ಒಂದು ಮಳೆಗಾಲ ಕಳೀಲಿ. ನನ್ನ ಗಂಡನನ್ನು ಪರಿಚಯ ಮಾಡಿಸಿದಾಗಲೂ "ಜನ ಒಳ್ಳೆಯವರ ಹಾಗೆ ಕಾಣ್ತಾರೆ, ಒಂದು ಮಳೆಗಾಲ ಕಳೀಲಿ" ಎಂದಿರಿ. ಆಗಲೇ ನಮ್ಮ ಮಗಳು ದಿಯಾ ಶಾಲೆಗೆ ಹೋಗುತ್ತಿದ್ದಳು! ಪಾಪ, ಅವರು ಇವತ್ತಿಗೂ ನನ್ನ ಹತ್ತಿರ ಕೇಳುತ್ತಾರೆ, "ನನ್ನ ಮಳೆಗಾಲ ಕಳೀತಾ, ಇಲ್ಲ ಇನ್ನೂ ಇದೆಯಾ?"

ಜೂನ್ ತಿಂಗಳ ಶುಕ್ರವಾರಗಳು ನೆನಪಿವೆಯೇ? ಸೊಹಾರಿನ ಕೆಲಸವಿದ್ದಾಗ ನಾವು ಮೂವರೂ ಅಲ್ ಅಜೈಬಾದ ನಮ್ಮ ಮನೆಯಿಂದ ಬಂದು ನಿಮ್ಮ ಕ್ವಾರ್ಟರ್ಸಿನಲ್ಲೇ ಉಳಿಯುತ್ತಿದ್ದೆವು. ಊಟವಾದ ಮೇಲೆ ಕಾಪುವಿನಲ್ಲಿದ್ದ ನಿಮ್ಮ ತಮ್ಮನಿಗೆ ಫೋನು. ಕ್ಷೇಮ ಸಮಾಚಾರ ಎರಡು ಮಾತು, ಆಮೇಲೆ "ಸ್ವಲ್ಪ ಫೋನು ಹೊರಗೆ ಹಿಡಿ ಮಾರಾಯ" ಎನ್ನುತ್ತಿದ್ದಿರಿ. ಅವನು ಜಗಲಿಗೆ ಬಂದು ಹಿಡಿಯುತ್ತಿದ್ದ. ಇಲ್ಲಿ ವನಜಕ್ಕ ಎದ್ದು ಏಸಿ ಆರಿಸುತ್ತಿದ್ದರು, ಅದರ ಗರಗರದಲ್ಲಿ ಮಳೆಯ ಸದ್ದು ಕೇಳುವುದಿಲ್ಲವೆಂದು. ಹೊರಗೆ ಕಾಲಿಟ್ಟರೆ ಚಪ್ಪಲಿ ಕರಗುವ ಬಿಸಿಲು. ಒಳಗೆ ನಾವೆಲ್ಲ ಬೆವರು ಒರೆಸಿಕೊಳ್ಳುತ್ತ, ಸೋಫಾದ ಮೇಲೆ ಉಸಿರು ಬಿಗಿಹಿಡಿದು ಕೂತು ಮಳೆ ಕೇಳುವುದು. "ಈ ಸಲ ಜೋರುಂಟು" ಎಂದು ನೀವು ಹೇಳುವಾಗ ಮುಖದ ತುಂಬ ತೃಪ್ತಿ ಇರುತ್ತಿತ್ತು. ಮೈಸೂರಿನವಳಾದ ನನಗೆ ಅಂಥ ಮಳೆಯ ಅಭ್ಯಾಸವಿಲ್ಲ, ಆದರೂ ಆ ಶುಕ್ರವಾರಗಳಿಗೆ ಕಾಯುತ್ತಿದ್ದೆ.

ನಾನು ರಜೆಗೆ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ನೀವು ಅಂಗಳ ಹಾಕಿಸಿಯಾಗಿತ್ತು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ, ಹುಡುಗರು ಧೂಳೆಬ್ಬಿಸಿ ಶಟ್ಲ್ ಆಡುತ್ತಿದ್ದಲ್ಲಿ, ಕಿಟ್ಟವನ್ನು ಪುಡಿ ಮಾಡಿ ಸಿಮೆಂಟಿನಲ್ಲಿ ಕಲಸಿದ ಇಂಟರ್‌ಲಾಕ್ ಕಲ್ಲುಗಳ ಅಂಗಳ. ಮೇಲಿನವರನ್ನು ಕಾಡಿ ಬೇಡಿ ಒಪ್ಪಿಸಿದ್ದಿರಿ. ನನ್ನನ್ನು ಕೈಹಿಡಿದ ಹಾಗೆ ಕರೆದೊಯ್ದು, ಚಪ್ಪಲಿ ಬಿಚ್ಚಿಸಿ ಅದರ ಮೇಲೆ ನಡೆಸಿದಿರಿ. "ಕಿಟ್ಟನ ಮೇಲೆ ಕಾಲಿಟ್ಟೆ ಅಂತ ಬೇಜಾರು ಬೇಡ" ಎಂದು ತಮಾಷೆ ಬೇರೆ. ಸಂಜೆ ದೀಪ ಹಾಕಿ ಆಟ ಶುರುವಾಯಿತು. ನೀವು ಬೆಂಚಿನ ಮೇಲೆ ಕೂತು ಆಟ ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದಿರಿ.

ಆ ಚಳಿಗಾಲದಲ್ಲಿ ಮಳೆ ಬಂತು. ಇಲ್ಲಿಯ ಮಳೆಯ ಬುದ್ಧಿ ನಿಮಗೆ ಗೊತ್ತಲ್ಲ, ಬಂದರೆ ಬಂತು, ವಾದಿಗಳೆನ್ನುವ ಒಣ ಹಳ್ಳಗಳೆಲ್ಲ ತುಂಬಿ ರಸ್ತೆ ಮುಚ್ಚಿಹೋಗುವಷ್ಟು. ಅಂಗಳದಲ್ಲಿ ನೀರು ನಿಂತು ಇಂಗಿತು. ಕೆಲವು ವಾರಗಳಾದ ಮೇಲೆ ಅಲ್ಲಲ್ಲಿ ಕಲ್ಲುಗಳು ಮೇಲೆದ್ದವು, ಮಧ್ಯದಲ್ಲಿ ನೆಲವೇ ಬೆನ್ನುಬ್ಬಿಸಿತು. ಆಗಷ್ಟೇ ಟ್ರೈನಿಯಾಗಿ ಸೇರಿದ್ದ ಒಮಾನಿ ಎಂಜಿನಿಯರ್ ಸಾಲಿಂ, ಶಟ್ಲ್ ಹಿಡಿಯಲು ಹಿಂದಕ್ಕೆ ಓಡಿ, ಎಡವಿ ಬಿದ್ದು ಕಾಲು ಉಳುಕಿಸಿಕೊಂಡ. ಜನ ಸೇರಿದರು. ಯಾರಾದರೂ ಏನಾದರೂ ಹೇಳುವ ಮೊದಲೇ ನೀವೇ ಕೈತಟ್ಟಿ ಕೂಗಿದಿರಿ: "ಬನ್ನಿ ಬನ್ನಿ, ಕಿಟ್ಟಣ್ಣನ ಹಪ್ಪಳ ನೋಡಿ! ಎಣ್ಣೆ ಇಲ್ಲದೆ ಕರಿದದ್ದು!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಆ ಹೆಸರು ಆಮೇಲೆ ನಿಮ್ಮನ್ನು ಬಿಡಲೇ ಇಲ್ಲ.

ಜನ ಚದುರಿದ ಮೇಲೆ ನಾವಿಬ್ಬರೇ ಅಂಗಳದ ಅಂಚಿನಲ್ಲಿ ಕೂತಿದ್ದೆವು. ಕಿಟ್ಟದಲ್ಲಿ ಸುಟ್ಟ ಸುಣ್ಣದ ಕಣಗಳು ಉಳಿದಿರುತ್ತವೆ, ನೀರು ಸಿಕ್ಕಾಗ ಅವು ಅರಳುತ್ತವೆ, ಅದಕ್ಕೇ ಬಳಸುವ ಮುಂಚೆ ತಿಂಗಳುಗಟ್ಟಲೆ ನೆನೆಸಿ ಅರಳುವಷ್ಟು ಅರಳಿಸಿಬಿಡಬೇಕು ಎಂಬುದು ನಿಮಗೂ ಗೊತ್ತಿತ್ತು.

"ಎಷ್ಟು ದಿನ ನೀರಿಗೆ ಬಿಟ್ಟಿದ್ರಿ ಕಿಟ್ಟಣ್ಣ?" ಎಂದು ಕೇಳಿದೆ.

"ಸರೀ ಒಂದು ಮಳೆಗಾಲ ಬಿಟ್ಟಿದ್ದೇನೆ ಮಾರಾಯ್ತಿ. ಊರಿನ ಕಾರ್ಖಾನೆಯಲ್ಲಿ ಇರುವಾಗಲೂ ಹಾಗೇ ಮಾಡುದು. ಯಾರ್ಡಿನಲ್ಲಿ ಹರಡಿಸಿ ಹಾಕಿದ್ದು, ಒಂದು ಮಳೆಗಾಲ ಕಳೀಲಿ ಅಂತ."

"ಯಾವ ಮಳೆಗಾಲ?"

"ಇದೇ ಈಗ ಕಳೆದದ್ದು. ಜೂನ್, ಜುಲೈ, ಆಟಿ ತಿಂಗಳು ಎಲ್ಲ ಮುಗೀಲಿ ಅಂತ ಕಾದು ಕೂತದ್ದು ನಾನು. ಈ ಸಲ ಎಂಥ ಮಳೆ, ನೀನೇ ಕೇಳಿದ್ದಿಯಲ್ಲ, ನಮ್ಮ ಮನೆಯಲ್ಲಿ ಕೂತು..."

ನೀವು ಮೇಲೆ ನೋಡಿದಿರಿ, ಸೊಹಾರಿನ ಆ ಬಿಳಿಚಿದ ಆಕಾಶವನ್ನು. ಆಮೇಲೆ ನನ್ನನ್ನು ನೋಡಿದಿರಿ. "ಇಲ್ಲಿ ಬರ್ಲೇ ಇಲ್ಲ ಅಲ್ವಾ?" ಎಂದಿರಿ, ತೀರ ಮೆಲ್ಲಗೆ. ಎಷ್ಟೋ ವರ್ಷ ಒಮಾನ್‌ನಲ್ಲಿ ಬೆಂದವರು ನೀವು, ಇಲ್ಲಿಯ ಬೇಸಿಗೆಯಲ್ಲಿ ಒಂದು ಹನಿ ಬೀಳುವುದಿಲ್ಲ ಎಂದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪ್ರತಿ ಶುಕ್ರವಾರ ಫೋನಿನಲ್ಲಿ ಸುರಿದ ಮಳೆ ನಿಮ್ಮ ತಲೆಯಲ್ಲಿ ಸುರಿದು ಮುಗಿದಿತ್ತು. ಕಾಪುವಿನಲ್ಲಿ ಮಳೆಗಾಲ ಕಳೆಯಿತೆಂದರೆ ನಿಮ್ಮ ಪಾಲಿಗೆ ಲೋಕದಲ್ಲೆಲ್ಲ ಕಳೆದ ಹಾಗೆ. ನನಗೆ ನಗು ಬರಲಿಲ್ಲ. ನಾವು ಇಲ್ಲಿ ಬದುಕುತ್ತಿರುವವರೆಲ್ಲ ಸ್ವಲ್ಪ ಹಾಗೇ ಅಲ್ಲವೇ, ಕಾಲು ಇಲ್ಲಿ, ಕಿವಿ ಅಲ್ಲಿ.

ನಿಮ್ಮ ಬಿಸು ಹಬ್ಬದ ಊಟಕ್ಕೆ ಬಂದಾಗ ಮೈಸೂರಿನಿಂದ ತರಿಸಿದ್ದ ಹಪ್ಪಳದ ಕಟ್ಟನ್ನು ವನಜಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಮರೆಮಾಡಿ ಅಡುಗೆಮನೆಯ ಮೇಲಿನ ಕಪಾಟಿಗೆ ಸೇರಿಸಿದರು. ಒಲೆಯ ಮುಂದೆ ನನ್ನನ್ನು ಹತ್ತಿರ ಕರೆದು, "ಬೇಜಾರು ಮಾಡ್ಬೇಡ. ಅವರು ಉಣ್ಲಿಕ್ಕೆ ಕೂತಾಗ ಹಪ್ಪಳ ಬೇಡ. ಬಟ್ಟಲಲ್ಲಿ ಕಂಡ್ರೆ ಎದ್ದೇ ಹೋಗ್ತಾರೆ" ಎಂದರು. ಹೊರಗೆ ನೀವು ಯಾರಿಗೋ ಅದೇ ಹಪ್ಪಳದ ಕಥೆ ಹೇಳಿ ನಗಿಸುತ್ತಿದ್ದಿರಿ. ಅಷ್ಟು ನೋವಾಗಿತ್ತೇ ನಿಮಗೆ? ಹಲಸಿನ ಹಪ್ಪಳವೆಂದರೆ ಪ್ರಾಣ ಬಿಡುತ್ತಿದ್ದವರು, ಊರಿನಿಂದ ಸೂಟ್‌ಕೇಸಿನ ಅರ್ಧ ಅದನ್ನೇ ತುಂಬಿಕೊಂಡು ಬರುತ್ತಿದ್ದವರು... ಯಾರಿಗೂ ಗೊತ್ತಾಗದ ಹಾಗೆ ನಿಮ್ಮ ಮನೆಯಲ್ಲಿ ಹಪ್ಪಳ ಕರಿಯುವುದೇ ನಿಂತುಹೋಗಿತ್ತು.

"ಕಿಟ್ಟ ಖಲಾಸ್" ಎಂಬ ಸಂದೇಶ ಬಂದ ಮಧ್ಯಾಹ್ನವನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಜೊತೆಗೆ ನಗುವೂ ಬರುತ್ತದೆ. ನೀವು ಎದೆನೋವೆಂದು ಮಸ್ಕತ್ತಿನ ಆಸ್ಪತ್ರೆ ಸೇರಿದ್ದಿರಿ. ನಾನು ಬೆಳಿಗ್ಗೆಯಷ್ಟೇ ಸದಾನಂದನ ಹತ್ತಿರ ಇನ್ನೊಂದಿಷ್ಟು ಸ್ಯಾಂಪಲ್ ಕೇಳಿದ್ದೆ. ಪುಡಿ ಮಾಡಿಟ್ಟದ್ದು ಮುಗಿದಿದೆ ಎಂದು ಅವನು ಬರೆದದ್ದು ಆ ಎರಡು ಪದ! ನಾನು ಆಫೀಸಿನಲ್ಲೇ ಗೊಳೋ ಎಂದು ಅತ್ತೆ. ಕಾರು ಹೇಗೆ ಓಡಿಸಿದೆನೋ, ಆಸ್ಪತ್ರೆಯ ಬಾಗಿಲು ತಳ್ಳಿ ಒಳಗೆ ಬಂದರೆ ನೀವು ದಿಂಬಿಗೆ ಒರಗಿ ಇಡ್ಲಿ ತಿನ್ನುತ್ತಿದ್ದೀರಿ. ವಿಷಯ ತಿಳಿದದ್ದೇ ಅಭ್ಯಾಸಬಲದಿಂದ "ಎಂತ ಸಾವು ಮಾರಾಯ್ತಿ ಇದು!" ಎಂದುಬಿಟ್ಟಿರಿ. ಮರುಕ್ಷಣ ಆ ಮಾತು ನಿಮಗೇ ಕೇಳಿಸಿ, ಇಡ್ಲಿ ನೆತ್ತಿಗೇರುವಷ್ಟು ನಕ್ಕಿರಿ. ನರ್ಸ್ ಬಂದು ನಮ್ಮಿಬ್ಬರನ್ನೂ ಗದರಿದಳು.

ನಗು ನಿಂತ ಮೇಲೆ ನೀವು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಹೋಗುದಕ್ಕೆ ಹೆದರಿಕೆ ಇಲ್ಲ ತಂಗಿ. ಆದ್ರೆ ಕಿಟ್ಟಣ್ಣ ಅಂದ್ರೆ ಯಾರು ಅಂತ ಮುಂದೆ ಯಾರಾದ್ರೂ ಕೇಳಿದ್ರೆ, ಆ ಹಪ್ಪಳದವ ಅಂತ ಹೇಳ್ತಾರಲ್ಲ, ಅದು ಮಾತ್ರ ಬೇಡ ಅಂತ ಉಂಟು." ಅದನ್ನೂ ನಗುತ್ತಲೇ ಹೇಳಿದಿರಿ. ನಾನು ಮಾತು ತಿರುಗಿಸಲು, ಲ್ಯಾಬಿನಲ್ಲಿ ಹೊಸದಾಗಿ ಮಾಡಿ ನೋಡುತ್ತಿದ್ದುದನ್ನು ಹೇಳಿದೆ. ಕಿಟ್ಟದ ಸುಣ್ಣಕ್ಕೆ ನೀರಿನ ಬದಲು ಇಂಗಾಲದ ಡೈಆಕ್ಸೈಡ್ ಕುಡಿಸಿದರೆ ಅದು ಸುಣ್ಣದಕಲ್ಲೇ ಆಗಿಬಿಡುತ್ತದೆ, ಗೋಡೆಗೆ ಬಳಿದ ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವ ಹಾಗೆ. ಒಮ್ಮೆ ಕಲ್ಲಾದರೆ ಮತ್ತೆ ಅರಳುವ ಮಾತಿಲ್ಲ. ಆ ಗ್ಯಾಸು ನಿಮ್ಮ ಕಾರ್ಖಾನೆಯಲ್ಲೇ ಬೇಕಾದಷ್ಟು ಹೊರಗೆ ಹೋಗುತ್ತಿದೆ ಎಂದೆ. ನೀವು ಚಮಚ ಕೆಳಗಿಟ್ಟಿರಿ. "ಅಂದ್ರೆ ಹೊಗೆಯದ್ದೇ ಒಂದು ಮಳೆಗಾಲ ಮಾಡ್ತಿ ನೀನು." ಹೌದು ಎಂದೆ. "ಮಾಡು. ಇಲ್ಲಿ ಆಕಾಶವನ್ನು ನಂಬಿದವ ಕೆಟ್ಟ."

ಸದಾನಂದ ನಿಜವಾಗಿ ಫೋನ್ ಮಾಡಿದ ದಿನ ಅವನು ನಿಮ್ಮ ಹೆಸರು ಹೇಳಲಿಲ್ಲ. "ಅಕ್ಕಾ, ನಮ್ಮ ಅಣ್ಣ..." ಎಂದು ಅಳತೊಡಗಿದ. ಅದು ಜೂನ್ ತಿಂಗಳು, ಕಿಟ್ಟಣ್ಣ. ನಿಮ್ಮನ್ನು ಊರಿಗೆ ಕರೆದೊಯ್ದವನೂ ಅವನೇ. ಎಲ್ಲ ಮುಗಿದ ಮೇಲೆ ಕಾಪುವಿನಿಂದ ಮಾತಾಡುವಾಗ ಅವನ ದನಿಯ ಹಿಂದೆ ಮಳೆ ಸುರಿಯುತ್ತಿತ್ತು. ನಾನು ಎದ್ದು ಹೋಗಿ ಏಸಿ ಆರಿಸಿದೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ದಿಯಾ ಬಂದು ಭುಜ ಮುಟ್ಟಿ "ಮಮ್ಮಾ, ಇಟ್ಸ್ ಸೋ ಹಾಟ್, ವೈ ಡಿಡ್ ಯು ಸ್ವಿಚ್ ಇಟ್ ಆಫ್?" ಎಂದಳು. ಎದ್ದು ಹೋಗಿ ಮತ್ತೆ ಹಾಕಿದೆ.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ ಸಂಗತಿ, ಸರಿಯಾಗಿ ಕೇಳಿ. ನಿಮ್ಮ ಯಾರ್ಡಿನ ಮೂಲೆಯಲ್ಲಿ, ನೀವು ಚಾಯ ಕುಡಿಯುತ್ತಿದ್ದ ಜಾಗದ ಪಕ್ಕದಲ್ಲೇ, ಒಂದು ಕೋಣೆ ಎದ್ದಿದೆ. ಉಕ್ಕಿನ ಬಾಗಿಲು, ಒಳಗೆ ಸಾಲು ಸಾಲು ತಟ್ಟೆಗಳು. ಪುಡಿ ಮಾಡಿದ ಕಿಟ್ಟಕ್ಕೆ ಸ್ವಲ್ಪವೇ ನೀರು ಚಿಮುಕಿಸಿ, ಒತ್ತಿ ಇಂಟರ್‌ಲಾಕ್ ಮಾಡಿ, ಅವನ್ನು ಒಳಗಿಟ್ಟು ಬಾಗಿಲು ಬಿಗಿದು ಗ್ಯಾಸು ಬಿಡುತ್ತೇವೆ. ಸಿಮೆಂಟು ಒಂದು ಚಿಟಿಕೆಯೂ ಇಲ್ಲ. ಮೊದಮೊದಲು ಆದ ಫಜೀತಿ ಕೇಳಬೇಡಿ. ನೀರು ಹೆಚ್ಚಾದರೆ ಗ್ಯಾಸು ಒಳಗೆ ಇಳಿಯದು, ಕಡಿಮೆಯಾದರೆ ಸುಣ್ಣ ಅದನ್ನು ಕುಡಿಯದು. ಕಲ್ಲು ಹೊರಗೆ ತೆಗೆದರೆ ಕೈಯಲ್ಲೇ ಪುಡಿ. ಕೊನೆಗೆ ತಂಬಿಟ್ಟು ಕಟ್ಟುವ ಹದಕ್ಕೆ ತಂದಾಗ ಕೈಗೆ ಬಂತು. ಹೊರಗೆ ತೆಗೆದ ಕಲ್ಲನ್ನು ನೆಲಕ್ಕೆ ಬೀಳಿಸಿದರೆ ಟಣ್ ಎಂದಿತು. ಇಡೀ ಕಾರ್ಖಾನೆಯ ಹೊಗೆಯನ್ನು ನುಂಗಿಬಿಟ್ಟೆವು ಎಂದು ಕೊಚ್ಚಿಕೊಳ್ಳುವುದಿಲ್ಲ, ನಾವು ಹಿಡಿಯುವುದು ಅದರಲ್ಲಿ ಚೂರು ಮಾತ್ರ. ಆದರೆ ಹಿಡಿದದ್ದು ಕಲ್ಲಾಗಿ ಕೂರುತ್ತದೆ, ಮತ್ತೆ ಗಾಳಿಗೆ ಹೋಗುವುದಿಲ್ಲ.

ಆ ಕೋಣೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿದೆ. ಯಾರೂ ಅದನ್ನು ಕರೆಯುವುದಿಲ್ಲ. ಆಸ್ಪತ್ರೆಯಲ್ಲಿ ನೀವಾಡಿದ ಮಾತನ್ನು ನಾನು ಸದಾನಂದನಿಗೆ ಹೇಳಿದ್ದೆ. ಅವನು ಮೊದಲ ದಿನವೇ "ಅಕ್ಕಾ, ಮಳೆಗಾಲಕ್ಕೆ ಹಾಕುವನಾ?" ಎಂದ. ಅಷ್ಟೇ, ಅದೇ ಹೆಸರು ನಿಂತಿತು. ಈಗ ಬಾಂಗ್ಲಾದವರು "ಮಲೆಗಾಲಾ ಮೇ ಡಾಲೋ" ಎನ್ನುತ್ತಾರೆ. ಒಂದು ಸಲ ಬಾಗಿಲು ಮುಚ್ಚಿ ತೆಗೆದರೆ ಒಂದು ಮಳೆಗಾಲ. ಊರಿನಲ್ಲಿ ವರ್ಷಕ್ಕೊಂದು, ನಮ್ಮ ಯಾರ್ಡಿನಲ್ಲಿ ದಿನಕ್ಕೊಂದು. ನಿಮ್ಮ ಕಿವಿಗೆ ಬೀಳಬೇಕಿತ್ತು ಇದು.

ಲ್ಯಾಬಿನಲ್ಲಿ ಕಲ್ಲುಗಳು ಎಲ್ಲ ಪರೀಕ್ಷೆಯನ್ನೂ ದಾಟಿದವು. ಹಬೆಯಲ್ಲಿ ದಿನಗಟ್ಟಲೆ ಬೇಯಿಸಿದರೂ ಉಬ್ಬಲಿಲ್ಲ. ರಿಪೋರ್ಟು ಹಿಡಿದುಕೊಂಡು ಒಪ್ಪಿಗೆ ಕೇಳಲು ಹೋದರೆ ಮೇಜಿನ ಆಚೆ ಕೂತದ್ದು ಯಾರು ಹೇಳಿ? ಸಾಲಿಂ. ಟ್ರೈನಿ ಸಾಲಿಂ ಈಗ ಮ್ಯಾನೇಜರ್. ರಿಪೋರ್ಟನ್ನು ಓದಿ ಪಕ್ಕಕ್ಕಿಟ್ಟು, ನಮ್ಮ ಜೊತೆ ಆಡುವ ಹಿಂದಿಯಲ್ಲೇ ಹೇಳಿದ, "ಸಿಸ್ಟರ್, ಕಾಗದ ಎಲ್ಲ ಸರಿ ಇದೆ. ಆದರೆ ಕೃಷ್ಣ ಭಾಯಿಯ ಹಪ್ಪಳದ ಮೇಲೆ ಬಿದ್ದವನು ನಾನು." ನನ್ನ ಮುಖ ಸಣ್ಣಗಾಯಿತು. ಅವನು ಕಿಟಕಿಯಿಂದ ಹೊರಗೆ ನೋಡುತ್ತ ಒಂದು ಷರತ್ತು ಹಾಕಿದ. ಹೊಸ ಕಲ್ಲು ಬೇರೆಲ್ಲೂ ಬೇಡ, ಅದೇ ಅಂಗಳದಲ್ಲಿ ಹಾಕಿ. ಮಳೆ ಬರಲಿ. ಮಳೆಯಾದ ಮೇಲೂ ನೆಲ ಎದ್ದೇಳದಿದ್ದರೆ ಎಲ್ಲ ಕಡೆಗೂ ಒಪ್ಪಿಗೆ. ಎದ್ದರೆ, "ಯೂನಿಟ್ ಖಲಾಸ್." ಟ್ಯಾಂಕರಿನಿಂದ ನೀರು ನಿಲ್ಲಿಸಿ ತೋರಿಸುತ್ತೇನೆ ಎಂದೆ. "ತೋರಿಸಿ. ಆದರೆ ಅವತ್ತು ಬಂದದ್ದು ಟ್ಯಾಂಕರ್ ಅಲ್ಲವಲ್ಲ?" ಎಂದ. ನನಗೆ ಒಳಗೊಳಗೇ ಭಯ. ಯೂನಿಟ್ ಹೋದರೆ ಇನ್ನೊಂದು ಕೆಲಸ ಸಿಕ್ಕೀತು. ಎರಡನೆಯ ಸಲವೂ ಅದೇ ಅಂಗಳ ಉಬ್ಬಿದರೆ, ನೀವು ಬೇಡವೆಂದ ಆ ಹೆಸರನ್ನು ಅಳಿಸುವವರು ಯಾರು?

ಹಳೆಯ ಕಲ್ಲು ಕಿತ್ತು ಹೊಸದು ಹಾಸಿ, ಮಳೆಗೆ ಕಾದೆವು. ಒಮಾನ್‌ನಲ್ಲಿ ಮಳೆಗೆ ಕಾಯುವುದು! ಟ್ಯಾಂಕರ್ ನೀರಿಗೆ ನೆಲ ಅಲುಗಲಿಲ್ಲ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಸದಾನಂದ ಆಕಾಶದ ಫೋಟೋ ಕಳಿಸುತ್ತಿದ್ದ. ಮೋಡ ಬರುತ್ತಿತ್ತು, ಗುಡ್ಡದ ಕಡೆಗೆ ಸರಿದು ಅಲ್ಲೇ ಎಲ್ಲೋ ಸುರಿದು ಹೋಗುತ್ತಿತ್ತು. ಮಂಗಳೂರಿನಲ್ಲಿ ಮಗಳ ಜೊತೆಗಿರುವ ವನಜಕ್ಕ ಪ್ರತಿ ಶುಕ್ರವಾರ ಫೋನ್ ಮಾಡಿ ಮೊದಲು ಕೇಳುತ್ತಿದ್ದುದು ನನ್ನ ಆರೋಗ್ಯವಲ್ಲ. "ಬಂತಾ?" ಇಲ್ಲ ವನಜಕ್ಕ. "ಬರ್ತದೆ, ಬರ್ತದೆ. ಇಲ್ಲಿಂದ ಸ್ವಲ್ಪ ಕಳಿಸ್ಲಿಕ್ಕೆ ಆಗಿದ್ರೆ..." ಎನ್ನುತ್ತಿದ್ದರು.

ಅದು ಬಂದದ್ದೂ ಶುಕ್ರವಾರವೇ. ನಾವೆಲ್ಲ ಸದಾನಂದನ ಮನೆಯಲ್ಲಿದ್ದೆವು. ಮಧ್ಯಾಹ್ನದ ಬಿಸಿಲು ಇದ್ದಕ್ಕಿದ್ದಂತೆ ಕಂದಿತು, ಮಣ್ಣಿನ ವಾಸನೆ ಬಂತು, ಆಮೇಲೆ ದಪ್ಪ ದಪ್ಪ ಹನಿಗಳು. ಕ್ವಾರ್ಟರ್ಸಿನವರೆಲ್ಲ ಹೊರಗೋಡಿ ಬಂದರು. ನಾನು ಅಂಗಳದ ಪಕ್ಕದ ಶೆಡ್ಡಿಗೆ ಓಡಿ ವನಜಕ್ಕನಿಗೆ ಫೋನ್ ಹಚ್ಚಿದೆ. "ಕೇಳಿ" ಎಂದಷ್ಟೇ ಹೇಳಿ ಫೋನನ್ನು ಮಳೆಗೆ ಚಾಚಿ ಹಿಡಿದೆ. ತಗಡಿನ ಮೇಲೆ, ಅಂಗಳದ ಮೇಲೆ, ಸುರಿದದ್ದೇ ಸುರಿದದ್ದು. ಎಷ್ಟು ವರ್ಷ ಅಲ್ಲಿಯ ಮಳೆಯನ್ನು ನಾವು ಇಲ್ಲಿ ಕೂತು ಕೇಳಿದೆವು! ಈ ಸಲ ಮಳೆ ಇತ್ತಲಿಂದ ಅತ್ತ ಹೋಯಿತು. ಕೈ ಸೋತಾಗ ಕಿವಿಗೆ ಇಟ್ಟುಕೊಂಡೆ. ಆ ಕಡೆ ವನಜಕ್ಕ ಅಳುತ್ತಿದ್ದರು. "ಜೋರುಂಟು" ಎಂದರು, ಥೇಟು ನಿಮ್ಮ ಹಾಗೆ.

ನೀರು ಇಂಗಿತು. ಆದರೆ ಉಬ್ಬುವುದು ಆ ದಿನವೇ ಅಲ್ಲವಲ್ಲ, ವಾರಗಟ್ಟಲೆ ಕಾಯಬೇಕು. ಕಾದೆವು. ಸೊಹಾರಿಗೆ ಬಂದಾಗಲೆಲ್ಲ ಚಪ್ಪಲಿ ಬಿಚ್ಚಿ ಅಂಗಳದ ಉದ್ದಕ್ಕೂ ನಡೆಯುತ್ತಿದ್ದೆ, ಅಂಗಾಲಿಗೆ ಏನಾದರೂ ತಗುಲುತ್ತದೋ ಎಂದು. ವನಜಕ್ಕನ ಪ್ರಶ್ನೆ ಈಗ "ಎಂತಾಯ್ತು?" ಎಂದು ಬದಲಾಗಿತ್ತು, ನನ್ನ ಉತ್ತರ "ಇನ್ನೂ ಹೇಳಕ್ಕಾಗಲ್ಲ" ಎಂದು. ಕೊನೆಗೊಂದು ಸಂಜೆ ಸಾಲಿಂ ತಾನೇ ಬಂದ, ಕೈಯಲ್ಲಿ ಬ್ಯಾಟು. ನನ್ನ ಜೊತೆ ಒಂದು ಮಾತೂ ಆಡದೆ ಹುಡುಗರ ಜೊತೆ ಆಟಕ್ಕೆ ಇಳಿದ. ಬೇಕೆಂದೇ ಹಿಂದಕ್ಕೆ ಹಿಂದಕ್ಕೆ ಓಡಿ ಶಟ್ಲ್ ಹೊಡೆದ, ಅವತ್ತು ಬಿದ್ದ ಜಾಗದಲ್ಲೇ. ಅವನು ಬೀಳಲಿಲ್ಲ. ಬೆವರೊರೆಸಿಕೊಳ್ಳುತ್ತ ಬಂದು, "ಕೃಷ್ಣ ಭಾಯಿಗೆ ಹೇಳಿ, ನೆಲ ಚೆನ್ನಾಗಿದೆ" ಎಂದ. ಹೇಳಿಬಿಟ್ಟು ಅವನಿಗೇ ನೆನಪಾಗಿ ತಲೆ ತಗ್ಗಿಸಿದ. ಪರವಾಗಿಲ್ಲ, ಹೇಳುತ್ತೇನೆ ಎಂದೆ. ಅದಕ್ಕೇ ಈ ಪತ್ರ.

ದೂರದ ದುಕ್ಮ್ ಊರಿನ ಕ್ಯಾಂಪಿನಲ್ಲಿ ಬಸ್ಸು ನಿಲ್ಲುವಲ್ಲಿಂದ ಮೆಸ್ಸಿನವರೆಗೆ ಕೆಲಸಗಾರರು ಮರಳಿನಲ್ಲಿ ಕಾಲೆಳೆದುಕೊಂಡು ಹೋಗುತ್ತಾರಂತೆ. ಆ ದಾರಿಗೆ ನಮ್ಮ ಇಂಟರ್‌ಲಾಕ್ ಕೇಳಿದ್ದಾರೆ. ಸಾಲಿಂ ಒಪ್ಪಿಗೆ ಕೊಡುವಾಗ ಸದಾನಂದನಿಗೆ ಬೆರಳೆತ್ತಿ ತಾಕೀತು ಮಾಡಿದ, "ಮಲೆಗಾಲಾ ಕಳೆದದ್ದು ಮಾತ್ರ ಕಳಿಸಬೇಕು, ಸಮಝೆ?" ನಿಮ್ಮ ಮಾತು, ಕಿಟ್ಟಣ್ಣ, ಒಬ್ಬ ಒಮಾನಿಯ ಬಾಯಲ್ಲಿ. ಈಗ ಯಾರಾದರೂ ಕಿಟ್ಟಣ್ಣ ಯಾರು ಎಂದು ಕೇಳಿದರೆ ಇಲ್ಲಿಯ ಹುಡುಗರು, ಮಳೆಗಾಲದವರು ಎನ್ನುತ್ತಾರೆ. ಸಾಕಲ್ಲವೇ?

ಸುದ್ದಿ ತಿಳಿದ ದಿನ ವನಜಕ್ಕ ಎಲ್ಲವನ್ನೂ ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ, "ಸದಾನಂದ ರಜೆಗೆ ಊರಿಗೆ ಬರ್ತಾನಲ್ಲ, ಅವನ ಕೈಯಲ್ಲಿ ಒಂದು ಡಬ್ಬಿ ಕೊಡ್ತೇನೆ. ಮನೆಯಲ್ಲಿ ಬೇಡ, ಆ ಅಂಗಳದಲ್ಲೇ ಮಾಡಿ" ಎಂದರು. ಡಬ್ಬಿಯ ತುಂಬ ಹಲಸಿನ ಹಪ್ಪಳ. ನಿನ್ನೆ ಸಂಜೆ ನಾವೆಲ್ಲ ಅಂಗಳದ ನಟ್ಟನಡುವೆ ಗ್ಯಾಸ್ ಒಲೆ ಇಟ್ಟು ಬಾಣಲೆಯಲ್ಲಿ ಎಣ್ಣೆ ಕಾಯಿಸಿದೆವು. ಸಾಲಿಂ ಬಂದಿದ್ದ, ನನ್ನ ಗಂಡ ಜಾಲರಿ ಸೌಟು ಹಿಡಿದಿದ್ದರು, ದಿಯಾ ಮೊದಲ ಹಪ್ಪಳ ಕಿತ್ತುಕೊಂಡು "ಮಮ್ಮಾ, ಒನ್ ಮೋರ್" ಎಂದಳು. ಒಂದನ್ನು ನಿಮಗೆಂದು ಎಲೆಯಲ್ಲಿ ತೆಗೆದಿಟ್ಟೆ. ಒಂದು ಮಳೆಗಾಲ ಕಳೀಲಿ, ಮತ್ತೆ ಹೇಳುವ ಎನ್ನುತ್ತಿದ್ದಿರಲ್ಲ? ಕಳೆಯಿತು, ಹೇಳುತ್ತಿದ್ದೇನೆ. ಈ ಸಲ ನಿಮ್ಮ ಅಂಗಳದಲ್ಲಿ ಉಬ್ಬಿದ್ದು ಹಪ್ಪಳ ಮಾತ್ರ, ಕಿಟ್ಟಣ್ಣ.

ನಿಮ್ಮ
ಮೈಸೂರು ತಂಗಿ